ಅತ್ತೆಯ ನವಮಿ, ತಿವಾರಿಯ ತಿಂಗಳು

ಇವತ್ತು ಯಾವ ವಾರ ಎಂದು ಯಾರಾದರೂ ಥಟ್ಟನೆ ಕೇಳಿದರೆ ನಾನು ಮೊದಲು ನನ್ನ ಕಾಲಿನ ಕಡೆ ನೋಡಿಕೊಳ್ಳುತ್ತೇನೆ. ಷೂ ಇದ್ದರೆ ಆಫೀಸಿನ ದಿನ, ಚಪ್ಪಲಿ ಇದ್ದರೆ ಭಾನುವಾರ. ಇದಕ್ಕಿಂತ ಹೆಚ್ಚಿನ ಕಾಲಜ್ಞಾನವನ್ನು ದೇವರು ನನಗೆ ಕೊಡಲಿಲ್ಲ. ಪಾಪ, ಅವನಿಗೇ ಕನಿಕರ ಹುಟ್ಟಿತೋ ಏನೋ, ಬದಲಿಗೆ ಸರೋಜಳನ್ನು ಕೊಟ್ಟ.

ನನ್ನ ಹೆಂಡತಿ ಸರೋಜಳ ಜ್ಞಾನವೆಲ್ಲ ಮುಂಬಯಿಯ ಘಾಟ್ಕೋಪರಿನ ನಮ್ಮ ಅಡುಗೆಮನೆಯ ಗೋಡೆಯ ಮೇಲೆ, ಒಗ್ಗರಣೆ ಸಿಡಿಯದಷ್ಟು ದೂರದಲ್ಲಿ, ಒಂದು ಮೊಳೆಗೆ ತೂಗುಬಿದ್ದಿರುತ್ತಿತ್ತು. ಆ ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ಒಂದೊಂದು ಸಂಸಾರ. ಹಾಲಿನ ಭೈಯ್ಯ ಬಾರದ ದಿನಕ್ಕೆ ಅಡ್ಡಗೆರೆ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನಕ್ಕೆ ಸೊನ್ನೆ, ಏಕಾದಶಿ, ಸಂಕಷ್ಟಿ, ಅಂಧೇರಿಯಲ್ಲಿ ಅವಳು ಪಾಠ ಹೇಳುವ ಶಾಲೆಯ ಪರೀಕ್ಷೆ. ಮೇಲಿನ ಮೂಲೆಯಲ್ಲಿ ದಾರ ಕಟ್ಟಿದ ಪೆನ್ಸಿಲ್. ಆ ಪೆನ್ಸಿಲ್ಲನ್ನು ನಾನು ಮುಟ್ಟುವ ಹಾಗಿರಲಿಲ್ಲ.

ನನಗೂ ಒಂದು ಸ್ವಂತ ಕ್ಯಾಲೆಂಡರು ಬೇಕು ಎಂಬ ಆಸೆ ಹುಟ್ಟಿದ್ದು ಪರೇಲಿನ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದಾಗ. ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ ಅದು. ಕಿಟಕಿಯಾಚೆ ಗಿರಣಿಯ ಚಿಮಣಿಗಳು ಹೊಗೆ ಬಿಡುವುದನ್ನು ಮರೆತು ನಿಂತಿದ್ದವು. ಕಿಟಕಿಯೀಚೆ ಒಂದು ಏರ್‌ಕಂಡಿಷನ್ ಕೋಣೆಯಲ್ಲಿ ಕಪ್ಪು ಪರದೆ, ಹಸಿರು ಅಕ್ಷರ. ಗರ್ಭಗುಡಿಗೆ ಹೋದ ಹಾಗೆ ಪಾದರಕ್ಷೆ ಬಿಟ್ಟು ಒಳಗೆ ಹೋಗಬೇಕು. ಕಾಲಲ್ಲಿ ಷೂ ಇಲ್ಲವೆಂದ ಮೇಲೆ ಅಲ್ಲಿ ನನಗೆ ವಾರವೇ ತಿಳಿಯುತ್ತಿರಲಿಲ್ಲ, ಕಂಪ್ಯೂಟರೇ ಹೇಳಬೇಕು. ನೆನಪಿಡಬೇಕಾದ ತಾರೀಕುಗಳನ್ನೆಲ್ಲ ಅದರಲ್ಲೇ ಬರೆದಿಡತೊಡಗಿದೆ.

ಅದೇ ಹೊತ್ತಿಗೆ ಮಸ್ಕತ್ತಿನಲ್ಲಿದ್ದ ಗೆಳೆಯನೊಬ್ಬ ರಜೆಗೆ ಬಂದವನು ನನಗೊಂದು ಡಿಜಿಟಲ್ ಡೈರಿ ಕೊಟ್ಟು ಹೋದ. ಅಂಗೈಯಗಲದ ಯಂತ್ರ, ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡಿಗಳು, ಹೇಳಿದ ಹೊತ್ತಿಗೆ ಪೀಪೀ ಎನ್ನುವ ವಿದ್ಯೆ. ಕಂಪ್ಯೂಟರಿಗೂ ಇದಕ್ಕೂ ಮಾತುಕತೆ ಇರಲಿಲ್ಲ. ನಡುವಿನ ತಂತಿ ನಾನೇ. ಪ್ರತಿ ಶನಿವಾರ ಪರದೆ ನೋಡಿ ನೋಡಿ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ತುಂಬುತ್ತಿದ್ದೆ. ಅದರಲ್ಲೂ ಕಂಪ್ಯೂಟರು ನಮ್ಮವರ ಹಾಗೆ ತಾರೀಕು ಮೊದಲು, ತಿಂಗಳು ಆಮೇಲೆ ಬರೆಯುತ್ತಿತ್ತು. ಡೈರಿ ಪರದೇಶದ್ದು, ಅದಕ್ಕೆ ತಿಂಗಳೇ ಮೊದಲು. ಹೀಗಾಗಿ ಏಪ್ರಿಲ್ ಐದಕ್ಕೆ ನೋಡಬೇಕಿದ್ದ ಹಲ್ಲಿನ ಡಾಕ್ಟರನ್ನು ನಾನು ಮೇ ನಾಲ್ಕಕ್ಕೆ ನೋಡಿದೆ. ಅಷ್ಟರಲ್ಲಿ ಹಲ್ಲೇ ಬೇಸತ್ತು ನೋಯುವುದನ್ನು ಬಿಟ್ಟಿತ್ತು.

“ಒಂದು ಮರೆವಿಗೆ ಎರಡು ಯಂತ್ರ! ಕೋತಿಗೆ ಹೆಂಡ ಕುಡಿಸಿದ ಹಾಗಾಯ್ತು,” ಎಂದಳು ಸರೋಜ. ಇಂಥ ಮಾತಿಗೆಲ್ಲ ಉತ್ತರ ಕೊಡುವವನು ನಾನಲ್ಲ. ಕೊಟ್ಟರೆ ಇನ್ನೂ ಎರಡು ಗಾದೆ ಬರುತ್ತವೆ.

ಆದರೆ ಒಂದು ಮಾತು ಮಾತ್ರ ನನ್ನೊಳಗೆ ಮುಳ್ಳಿನ ಹಾಗೆ ಉಳಿದಿತ್ತು. ಸರೋಜ ಒಬ್ಬಳೇ ಮಗಳು. ಅಣ್ಣತಮ್ಮಂದಿರಿಲ್ಲ. ಮೈಸೂರಿನಲ್ಲಿದ್ದ ಅವಳ ತಾಯಿ ಮುತ್ತೈದೆಯಾಗಿಯೇ ತೀರಿಕೊಂಡವರು. ಅಪ್ಪನೂ ಆಮೇಲೆ ಹೋದರು. ಹಾಗೆ ಮುತ್ತೈದೆಯಾಗಿ ಹೋದ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಪಿತೃಪಕ್ಷದಲ್ಲಿ ಒಂದು ದಿನ ಮೀಸಲು: ಭಾದ್ರಪದ ಬಹುಳದ ಅವಿಧವಾ ನವಮಿ. “ಶ್ರಾದ್ಧ ಮಾಡೋ ಅಧಿಕಾರ ನನಗಿಲ್ಲ ಅಂತಾರೆ, ಇರಲಿ. ಒಬ್ಬ ಮುತ್ತೈದೆಗೆ ಎಲೆ ಹಾಕಿ ಊಟ ಬಡಿಸೋಕೆ ಯಾರಪ್ಪನ ಅಪ್ಪಣೆ ಬೇಕು?” ಎನ್ನುತ್ತಿದ್ದಳು. ವರ್ಷವರ್ಷವೂ ಆ ದಿನ ಶಾಲೆಗೆ ರಜೆ ಹಾಕಿ, ಅಮ್ಮನಿಗೆ ಇಷ್ಟವಾದ ಗಸಗಸೆ ಪಾಯಸ ಮಾಡಿ, ಪಕ್ಕದ ಬಾಗಿಲಿನ ಅಂಬಕ್ಕನನ್ನು ಕರೆದು ಬಡಿಸುತ್ತಿದ್ದಳು. ಹಿಂದಿನ ವರ್ಷ ಊಟವಾದ ಮೇಲೆ ಎಲೆ ಎತ್ತುತ್ತಾ, ನನಗೆ ಹೇಳಿದಳೋ ಎಲೆಗೆ ಹೇಳಿದಳೋ, “ನಾನಿರೋವರೆಗೆ ಸರಿ. ನಾನೇ ಹಾಸಿಗೆ ಹಿಡಿದರೆ ಈ ದಿನ ಯಾರಿಗೆ ನೆನಪಿರುತ್ತೆ? ಅಮ್ಮ ಬಾಗಿಲಿಗೆ ಬಂದು ಹಾಗೇ ವಾಪಸ್ ಹೋಗ್ತಾಳೆ,” ಎಂದಳು.

ಯಂತ್ರ ಮತ್ತೇಕಿದೆ? ಇದನ್ನಾದರೂ ನೆನಪಿಡಲಿ ಎಂದುಕೊಂಡೆ. ಆಫೀಸಿನ ತಿವಾರಿ ಕಾಶಿಯ ಕಡೆಯವನು, ಒಳ್ಳೆಯ ಮನುಷ್ಯ. ಇಂಗ್ಲಿಷ್ ತಾರೀಕಿಗೆ ತಿಥಿ ಹೇಳುವ ಒಂದು ಪ್ರೋಗ್ರಾಮನ್ನು ಊರಿನಿಂದ ಫ್ಲಾಪಿಯಲ್ಲಿ ತಂದಿದ್ದ. ಭಾದ್ರಪದ, ಕೃಷ್ಣಪಕ್ಷ, ನವಮಿ ಎಂದು ಕೇಳಿದೆ. ಹಸಿರು ಅಕ್ಷರದಲ್ಲಿ ಉತ್ತರ ಬಂತು. ಈ ಸಲ ತಿಂಗಳು ತಾರೀಕು ಅದಲುಬದಲಾಗದಂತೆ ತಾಳೆ ನೋಡಿ ಡೈರಿಗೆ ತುಂಬಿದೆ. ಹಿಂದಿನ ದಿನವೇ ಕೂಗು ಎಂದು ಹೇಳಿಟ್ಟೆ.

ಅದು ಕೂಗಿತು. ಸಂಜೆ ಲೋಕಲ್‌ನಲ್ಲಿ ಬರುವಾಗ ಮಾಟುಂಗಾದಲ್ಲಿ ಇಳಿದೆ. ಬಾಳೆಎಲೆ, ಹೀರೆಕಾಯಿ, ಗಸಗಸೆ, ವೀಳ್ಯದೆಲೆ ಕೊಂಡೆ. ಅಂಬಕ್ಕನಿಗೆ ಕೊಡಲು ಒಂದು ರವಿಕೆ ಕಣವನ್ನೂ ನಾನೇ ಆರಿಸಿದೆ. ಅದರ ಬಣ್ಣವನ್ನು ವರ್ಣಿಸುವುದು ಬೇಡ. ಮನೆಗೆ ಬಂದಾಗ ಸರೋಜ ಒಲೆಯ ಮುಂದಿದ್ದಳು. ನಾನು ಚೀಲ ಕೆಳಗಿಟ್ಟು, ಬಹಳ ದಿನದಿಂದ ಕಾದಿದ್ದ ಮಾತನ್ನು ಹೇಳಿದೆ: “ನಾಳೆ ನಿಮ್ಮಮ್ಮನ ನವಮಿ ಕಣೇ.”

ಅವಳು ನನ್ನನ್ನು ನೋಡಿದಳು. ಗೋಡೆಯ ಕ್ಯಾಲೆಂಡರನ್ನು ನೋಡಿದಳು. ಮತ್ತೆ ನನ್ನನ್ನೂ ಬಾಳೆಎಲೆಯನ್ನೂ ನೋಡಿದಳು. “ಹೌದಾ?” ಎಂದಳು. ಬಾಣಲೆಯಲ್ಲಿ ಏನೋ ಸೀಯುವಂತಾಗಿ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡು, “ಸರಿ. ಅಂಬಕ್ಕಂಗೆ ಹೇಳಿ ಬರ್ತೀನಿ,” ಎಂದು ಹೋದಳು. ಬಾಣಲೆಯಲ್ಲಿ ಬೇಯುತ್ತಿದ್ದದ್ದು ಚಕ್ಕುಲಿ. ಅವತ್ತು ಗೋಕುಲಾಷ್ಟಮಿ.

ಮುಂಬಯಿಯ ಮಕ್ಕಳಿಗೂ ಗೊತ್ತಿರುವ ಸಂಗತಿ: ಮೊದಲು ಅಷ್ಟಮಿ, ಮಾರನೆಯ ದಿನ ಬೀದಿಬೀದಿಯಲ್ಲಿ ಮೊಸರು ಗಡಿಗೆ ಒಡೆಯುವ ಗೋವಿಂದರ ಗಲಾಟೆ, ಆಮೇಲೆ ಗಣಪತಿ ಬಂದು ಕೂತು ಸಮುದ್ರಕ್ಕೆ ಹೋಗಬೇಕು, ಅದಾದ ಮೇಲಷ್ಟೇ ಪಿತೃಪಕ್ಷ. ನಮ್ಮ ಬಿಲ್ಡಿಂಗಿನ ಮುಂದೆಯೇ ಗಡಿಗೆ ಕಟ್ಟಿದ್ದರು. ನಾನು ಅದರ ಕೆಳಗೇ ನುಸುಳಿ, ತಲೆಯ ಮೇಲೆ ಬಾಳೆಎಲೆ ಹೊತ್ತು, ಅತ್ತೆಯ ನವಮಿ ಮಾಡಲು ಬಂದಿದ್ದೆ! ಯಂತ್ರ ಹೇಳಿದ ಮೇಲೆ ಕಣ್ಣಿಗೆ ಕೆಲಸವೇನು?

ಮಾರನೆಯ ದಿನ ಅಂಬಕ್ಕ ಬಂದರು. ಧಾರವಾಡದ ಕಡೆಯ ಹಿರಿಯ ಜೀವ, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ. ಹೊರಗೆ ಡೋಲು, ಕೂಗು, ನೀರಿನ ಎರಚಾಟ. ಒಳಗೆ ಸರೋಜ ಬಡಿಸಿದಳು. ಅಂಬಕ್ಕ ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡು, “ಶ್ರಾವಣದಾಗ ಮುತ್ತೈದಿ ಊಟಕ್ಕ ಕರದ್ರ ಯಾರ ಒಲ್ಲೆ ಅಂತಾರ? ಆದ್ರ ಇವತ್ತ ಏನ ವಿಶೇಷ?” ಎಂದರು.

ನಾನು ಹೆಮ್ಮೆಯಿಂದ, “ನಮ್ಮತ್ತೆಯವರ ಅವಿಧವಾ ನವಮಿ,” ಎಂದೆ.

ಅಂಬಕ್ಕನ ಕೈ ಎಲೆಯ ಮೇಲೇ ನಿಂತಿತು. “ಅಯ್ಯ ನಮ್ಮಪ್ಪಾ! ಇನ್ನೂ ಗಣಪ್ಪನ ಬಂದಿಲ್ಲ, ಹಿರ್ಯಾರ್ನ ಎಲ್ಲಿಂದ ಕರಕೊಂಡ ಬಂದ್ರಿ? ಒಂದ ತಿಂಗಳ ಮೊದಲ ಎಲಿ ಹಾಕೀರಲ್ಲೋ!”

ನಾನು ಸರೋಜಳ ಕಡೆ ನೋಡಿದೆ. ಅವಳು ಅಂಬಕ್ಕನ ಎಲೆಗೆ ಇನ್ನೊಂದು ವಡೆ ಹಾಕುತ್ತಾ, “ಊಟ ಮಾಡಿ ಅಂಬಕ್ಕ. ಹೆಂಗಿದ್ರೂ ಶ್ರಾವಣ ಅಲ್ವಾ,” ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎರಡನೆಯ ಮಹಡಿಯಲ್ಲಿದ್ದುದರಿಂದ ಆ ಅನುಕೂಲವೂ ಇರಲಿಲ್ಲ.

ಮರುದಿನ ತಿವಾರಿಯ ಮೇಲೆ ಎಗರಾಡಿದೆ. ಅವನು ಸಾವಧಾನವಾಗಿ ಚಹಾ ತರಿಸಿ, “ಅರೇ ಭಾಯಿ, ಹಮಾರಾ ಮಹೀನಾ ಪೂರ್ಣಿಮಾ ಕೋ ಖತಮ್ ಹೋತಾ ಹೈ,” ಎಂದ. ವಿಷಯ ಇಷ್ಟೇ. ನಮಗೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಅವರಿಗೆ ಹುಣ್ಣಿಮೆಗೆ. ಹುಣ್ಣಿಮೆ ಕಳೆದೊಡನೆ ಅವರು ಮುಂದಿನ ತಿಂಗಳಿಗೆ ಕಾಲಿಟ್ಟರೆ, ನಾವು ಹಳೆಯ ತಿಂಗಳಲ್ಲೇ ಕೂತಿರುತ್ತೇವೆ. ನಮ್ಮ ಶ್ರಾವಣ ಬಹುಳವೇ ಅವರ ಭಾದ್ರಪದ ಕೃಷ್ಣಪಕ್ಷ. ಚಂದ್ರ ಒಬ್ಬನೇ, ತಿಥಿಯೂ ಒಂದೇ. ಹೆಸರು ಮಾತ್ರ ಬೇರೆ. ಚಂದ್ರ ಬೆಳೆಯುವ ಹದಿನೈದು ದಿನ ಇಬ್ಬರಿಗೂ ಒಂದೇ ತಿಂಗಳು, ಜಗಳವಿಲ್ಲ. ಅವನು ಸೊರಗತೊಡಗಿದನೋ, ನಮ್ಮ ದಾರಿಗಳು ಬೇರೆ. ನೆಂಟರ ವಿಷಯದಲ್ಲೂ ನಾನು ಇದನ್ನು ಗಮನಿಸಿದ್ದೇನೆ. ಒಟ್ಟಿನಲ್ಲಿ ಕಂಪ್ಯೂಟರು ತಪ್ಪು ಹೇಳಿರಲಿಲ್ಲ, ಡೈರಿಯೂ ತಪ್ಪಿರಲಿಲ್ಲ. ಮೈಸೂರಿನ ಅತ್ತೆಯನ್ನು ಕಾಶಿಯ ತಿಂಗಳಿನಲ್ಲಿ ಊಟಕ್ಕೆ ಕರೆದವನು ನಾನು.

ಸಂಜೆ ಸರೋಜಳನ್ನು ಕೇಳಿಯೇಬಿಟ್ಟೆ. “ನಿನಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ? ಅಷ್ಟು ಅಡುಗೆ ಮಾಡಿದೆಯಲ್ಲೇ ಮಾರಾಯ್ತಿ.”

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಅಮ್ಮ ಹೋದಾಗಿನಿಂದ ಆ ದಿನ ನಾನೇ ಎಲ್ಲರಿಗೂ ಹೇಳ್ತಾ ಬಂದಿದ್ದೀನಿ ಕಣ್ರೀ. ನಿಮಗೆ ಹೇಳೋದು, ಶಾಲೆಯಲ್ಲಿ ಹೇಳೋದು, ಅಂಬಕ್ಕಂಗೆ ಹೇಳೋದು. ಒಬ್ಬರೂ ನನಗೆ ಬಂದು ಹೇಳಿರಲಿಲ್ಲ. ನೀವು ಆ ಹೀರೆಕಾಯಿ ಹಿಡ್ಕೊಂಡು ನಿಂತು, ನಿಮ್ಮಮ್ಮನ ನವಮಿ ಅಂದಿರಿ. ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ.” ಅವಳ ಕಣ್ಣು ತುಂಬಿತ್ತು. ನನ್ನದೂ. ಇಬ್ಬರೂ ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕಿದೆವು.

ನಿಜವಾದ ನವಮಿ ಗಣಪತಿ ಹೋದ ಮೇಲೆ, ತನ್ನ ಕ್ರಮದಲ್ಲಿಯೇ ಬಂತು. ಆದರೆ ಆ ಸಲ ಶಾಲೆಯಲ್ಲಿ ಪರೀಕ್ಷೆ. ಹೆಡ್‌ಮಿಸ್ಟ್ರೆಸ್ ರಜೆ ಕೊಡಲಿಲ್ಲ. ಬೆಳಿಗ್ಗೆ ಅಂಧೇರಿಯ ಬಸ್ಸಿಗೆ ಹೊರಟಾಗ ಸರೋಜಳ ಮುಖ ನೋಡುವಂತಿರಲಿಲ್ಲ. “ಈ ವರ್ಷ ಆಗಲೇ ಆಗಿದೆಯಲ್ಲ, ಬಿಡಿ,” ಎಂದಳು. ಬಿಟ್ಟಿರಲಿಲ್ಲ ಎಂಬುದು ನನಗೆ ಕಾಣುತ್ತಿತ್ತು. ಅವಳ ಬಸ್ಸು ಹೋಗುವುದನ್ನು ನೋಡಿ ನಾನು ಕೆಳಗಿನ ಅಂಗಡಿಯಿಂದ ಆಫೀಸಿಗೆ ಫೋನ್ ಮಾಡಿದೆ: ಇವತ್ತು ಬರುವುದಿಲ್ಲ, ಮನೆಗೆ ಅತ್ತೆ ಬರುತ್ತಾರೆ.

ಅಂಬಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಲ್ಲಿಂದಲೇ ಆಜ್ಞೆ ಕೊಟ್ಟರು. ಒಲೆ ಮುಟ್ಟಲಿಲ್ಲ, “ಉಣ್ಣಾಕಿ ನಾನು, ಮಾಡಾಂವ ನೀನು,” ಎಂದರು. ನಾನು ಗಸಗಸೆ ಹುರಿದೆ, ಒಂದು ಸಲ ಕರಕಾಗಿಸಿ ಮತ್ತೊಂದು ಸಲ ಹುರಿದೆ. ಎಲೆ ಹಾಕಿ, ಕುಂಕುಮ ಕೊಟ್ಟು, ಬಡಿಸಿದೆ. ಅಂಬಕ್ಕ ಊಟ ಮುಗಿಸಿ ಕೈ ತೊಳೆದು, “ನಿಮ್ಮತ್ತಿ ಉಂಡ್ಳಪಾ,” ಎಂದು ಎದ್ದುಹೋದರು. ಅಡುಗೆ ಹೇಗಿತ್ತು ಎಂದು ಮಾತ್ರ ಹೇಳಲಿಲ್ಲ.

ಸಂಜೆ ಸರೋಜ ಬಂದಾಗ ಅವಳಿಗೂ ಒಂದು ಎಲೆ ಹಾಕಿಟ್ಟಿದ್ದೆ. ಬಾಗಿಲಲ್ಲೇ ನಿಂತು ನೋಡಿದಳು. ಚೀಲ ಇಳಿಸಿ, ಕಾಲು ತೊಳೆದು ಬಂದು ಕೂತಳು. ಪಾಯಸವನ್ನೆಲ್ಲ ತಿಂದಳು.

“ಬೆಲ್ಲ ಸಾಲದು,” ಎಂದಳು ಕೊನೆಗೆ. ಬೆರಳು ನೆಕ್ಕಿಕೊಂಡು, ಎಷ್ಟೋ ವರ್ಷದ ಹೊರೆ ಇಳಿಸಿದವಳಂತೆ ಗೋಡೆಗೆ ಒರಗಿ, ನನ್ನ ಕಡೆ ನೋಡಿ ನಕ್ಕಳು. “ಹೋಗಲಿ ಬಿಡಿ. ಇನ್ನು ನಾನು ಮರೆತರೂ ಅಮ್ಮ ಉಪವಾಸ ಹೋಗಲ್ಲ.”