ಕೊನೆಯವನ ಹಿಂದೆ ಒಬ್ಬರು

ಬ್ಯಾಂಕಿನವರು ನನ್ನನ್ನು ಚೆನ್ನೈಗೆ ವರ್ಗ ಮಾಡಿ ಏಳು ತಿಂಗಳಾಗಿತ್ತು. ತ್ರಿಪ್ಲಿಕೇನಿನ ಲಾಡ್ಜಿನಲ್ಲಿ ಕೋಣೆ, ಕೆಳಗಿನ ಮೆಸ್ಸಿನಲ್ಲಿ ಊಟ, ಕೌಂಟರಿನಲ್ಲಿ ಅರೆಬರೆ ತಮಿಳು. ಭಾನುವಾರ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನನಗೇನು ಬೇಕೆಂದು ಮೆಸ್ಸಿನವನಿಗೆ ಗೊತ್ತಿದ್ದುದರಿಂದ ಅವನೂ ಕೇಳುತ್ತಿರಲಿಲ್ಲ.

ಆ ಭಾನುವಾರಗಳನ್ನು ಕಳೆಯಲೆಂದೇ ಸೈಕಲ್ ಕೊಂಡೆ. ತಾಂಬರಂ ಆಚೆ ಕೆರೆ ಏರಿಗಳ ಮೇಲೆ, ಕಲ್ಲು ಕ್ವಾರಿಗಳ ನಡುವೆ ಎಂಬತ್ತು ಕಿಲೋಮೀಟರ್ ಜಲ್ಲಿ ದಾರಿಯ ಸವಾರಿಯಿದೆ, ಮಧ್ಯಾಹ್ನ ಒಂದರೊಳಗೆ ಮುಗಿಸಿದರೆ ಪದಕ ಎಂದು ಅಂಗಡಿಯವನು ಹೇಳಿದ. ಊರಿಗೆ ಫೋನ್ ಮಾಡಿದಾಗ ಹೇಳಲು ಒಂದು ಸುದ್ದಿಯಾದರೂ ಇರಲಿ ಎಂದು ಹೆಸರು ಕೊಟ್ಟೆ.

ನನ್ನದು ಉತ್ತರಕುಮಾರನ ಪೌರುಷ. ಇಪ್ಪತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಎಲ್ಲರೂ ಮುಂದೆ ಹೋಗಿಬಿಟ್ಟಿದ್ದರು. ಕ್ವಾರಿಯ ಇಳಿಜಾರಿನಲ್ಲಿ ಮುಂದಿನ ಚಕ್ರ ಜಲ್ಲಿಯಲ್ಲಿ ಹೂತು ದೊಪ್ಪನೆ ಬಿದ್ದೆ.

“ಥೂ, ಹಾಳಾದ್ ರಸ್ತೆ!”

“ಸಾರ್, ಕನ್ನಡದೋರಾ?” ಎಂದಿತು ಹಿಂದಿನಿಂದ ಒಂದು ದನಿ.

ಸೈಕಲ್ ಮೇಲೆ ಅರವತ್ತು ದಾಟಿದ ಸಣಕಲು ಮನುಷ್ಯ. ರೈಲ್ವೆಯಿಂದ ನಿವೃತ್ತರು, ಮನೆ ಪಲ್ಲಾವರಂನಲ್ಲಿ, ಅಜ್ಜನ ಕಾಲಕ್ಕೆ ಕೋಲಾರ ಬಿಟ್ಟವರು. “ಸವಾರಿ ನಡೆಸೋರು ನನ್ನನ್ನ ಕಡೇ ಆಳಿನ ಹಿಂದೇನೇ ಬರೋಕೆ ಇಟ್ಟಿರೋದು ಸಾರ್. ಅವರನ್ನ ದಾಟಿ ಪೋಗಕೂಡದು, ಅದು ರೂಲ್. ಕೈಲಾಗದೋರನ್ನ ತುಂಬ್ಕೊಂಡು ಹೋಗೋ ವ್ಯಾನಿಗೆ ಎಂಟು ವರ್ಷದಲ್ಲಿ ಒಬ್ಬರನ್ನೂ ಏರಿಸಿಲ್ಲ. ಎಲ್ಲಾರನ್ನೂ ಟೈಮಿಗೆ ಸೇರಿಸಿದೀನಿ.”

ಅಲ್ಲಿಂದ ಮಾತು ಶುರುವಾಯಿತು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. ಬಾಳೆಹಣ್ಣು ಎಂದೆ. “ಅಯ್ಯೋ, ಅದು ಪತ್ತಾದು ಸಾರ್, ಸಾಲಲ್ಲ!” ಎಂದು ನಿಜವಾಗಿಯೂ ನೊಂದುಕೊಂಡು ಚೀಲದಿಂದ ಒಂದು ಇಡ್ಲಿ ತೆಗೆದುಕೊಟ್ಟರು. ತಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ ಎಂದರು. ನಾನು ಏಳು ತಿಂಗಳ ಮಾತನ್ನು ಒಂದೇ ಉಸಿರಿಗೆ ಆಡಿದೆ. ಬಿಸಿಲೂ ಜಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ.

ಐವತ್ತನೇ ಕಿಲೋಮೀಟರಿನ ಹತ್ತಿರ ಒಬ್ಬ ಹುಡುಗಿ ಪಂಕ್ಚರ್ ಹಾಕುತ್ತ ಕೂತಿದ್ದಳು. ನಾನು ಮುಂದೆ ಹೋಗಬಹುದಿತ್ತು. ಹೋದರೆ ಕೊನೆಯವಳು ಅವಳಾಗುತ್ತಿದ್ದಳು, ಇವರು ಅವಳ ಹಿಂದೆ ಉಳಿಯುತ್ತಿದ್ದರು. ನಾನು ಇಳಿದು ಅವಳಿಗೆ ಪಂಪು ಹಿಡಿದೆ, ಅವಳು ಹೊರಟ ಮೇಲೆ ಸಡಿಲವಾಗದ ಶೂ ಲೇಸನ್ನು ಬಿಚ್ಚಿ ಕಟ್ಟಿದೆ. ನನ್ನನ್ನು ಮಹಾ ಪರೋಪಕಾರಿ ಎಂದುಕೊಂಡ ಅವರು ಬೆನ್ನು ತಟ್ಟಿದರು. ನಾಚಿಕೆಯಾಯಿತು, ಆದರೆ ಸಂತೋಷ ಅದಕ್ಕಿಂತ ದೊಡ್ಡದಿತ್ತು.

ಕೊನೆಯ ಏರಿಗೆ ಬಂದಾಗ ಎಂಟು ಕಿಲೋಮೀಟರ್ ಉಳಿದಿತ್ತು, ನಲವತ್ತು ನಿಮಿಷವೂ ಇತ್ತು.

“ಬಲವಾಗಿ ತುಳೀರಿ ಸಾರ್, ಮುಡಿಯುಂ! ಆಗತ್ತೆ, ಸೇರ್ಕೋತೀರಿ.”

ತುಳಿದರೆ ಆಗುತ್ತಿತ್ತು. ಕಾಲಲ್ಲಿ ಕಸುವಿತ್ತು. ಮುಗಿಸಿದರೆ ಪದಕ, ಕೈಕುಲುಕು, ಅವರು ಪಲ್ಲಾವರಂಗೆ, ನಾನು ತ್ರಿಪ್ಲಿಕೇನಿಗೆ. ಸೈಕಲ್ ನಿಲ್ಲಿಸಿ ಏರಿಯ ಮೇಲೆ ಕೂತುಬಿಟ್ಟೆ.

“ಏನಾಯ್ತು?”

“ಕಾಲು ನೋವು,” ಎಂದೆ.

ಅವರು ಗಡಿಯಾರ ನೋಡಿಕೊಂಡರು. ಮುಖ ಸಣ್ಣದಾಯಿತು. ಎಂಟು ವರ್ಷದ ಅವರ ಹೆಮ್ಮೆಯನ್ನು ನಾನು ಮಣ್ಣುಪಾಲು ಮಾಡುತ್ತಿದ್ದೆ. ಬೈಯುತ್ತಾರೆ ಎಂದುಕೊಂಡೆ. ಅವರು ವ್ಯಾನಿಗೆ ಫೋನ್ ಮಾಡಿ, ಚೂಪು ಜಲ್ಲಿಯ ಮೇಲೆ ಬರಿಮೊಣಕಾಲೂರಿ ಕೂತು, ನನ್ನ ಕಾಲನ್ನು ತೊಡೆಗೆತ್ತಿಕೊಂಡರು. ಜೇಬಿನಿಂದ ಮುಲಾಮಿನ ಡಬ್ಬಿ ತೆಗೆದು, ಯಾವ ನೋವೂ ಇಲ್ಲದ ಮೀನಖಂಡವನ್ನು ಮೆಲ್ಲಗೆ ತಿಕ್ಕತೊಡಗಿದರು.

“ಇಲ್ಲಿಯಾ ಸಾರ್?”

“ಹ್ಞೂಂ.”

ಇನ್ನೊಂದು ಕಾಲನ್ನೂ ಎತ್ತಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

“ಅಷ್ಟೊಂದು ವಲಿಯಾ, ಅಷ್ಟು ನೋವಾ?” ಎಂದು ಗಾಬರಿಯಾಗಿ ಇನ್ನಷ್ಟು ಮುಲಾಮು ಬಳಿದರು. ನಿಜ ತಿಳಿದರೆ ಅವರು ಕೈ ತೆಗೆದುಬಿಡುತ್ತಾರೆಂಬ ಭಯಕ್ಕೆ ನಾನು ಅದನ್ನು ಹೇಳಲಿಲ್ಲ.