ಎರಡು ಬಾಟಲಿ ಉಣುಗು

ತರಬೇತಿ ಆರು ವಾರದ್ದು. ನಡೆದದ್ದು ಸಾಗರ ಪಟ್ಟಣದಲ್ಲಿ. ಉದ್ದೇಶ, ಸಂಶೋಧನೆಯಲ್ಲಿ ಇದುವರೆಗೆ ಕಾಣಿಸದ ಸಮುದಾಯಗಳ ಪದವಿ ವಿದ್ಯಾರ್ಥಿಗಳನ್ನು ವೈದ್ಯಕೀಯ ಸಂಶೋಧಕರನ್ನಾಗಿಸುವುದು. ವಿಷಯ, ಮಂಗನ ಕಾಯಿಲೆ ಹರಡುವ ಉಣುಗು. ಮೂರು ವಾರ ನಾನು ಹೊಸನಗರದ ಕಾಡಿನಲ್ಲಿ ನೆಲದ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಬಾಟಲಿಗೆ ತುಂಬಿದೆ. ಪರೀಕ್ಷಿಸಿದವರು ಬೇರೆಯವರು.

“ಮೈಕ್ರೋಸ್ಕೋಪ್ ಯಾವಾಗ ಕಲಿಸ್ತೀರಿ ಸಾರ್?” ಎಂದು ಮಾರ್ಗದರ್ಶಕರನ್ನು ಕೇಳಿದೆ.

“ಅದು ನಾಜೂಕಿನ ಕೆಲಸ ಮಾರಾಯ್ತಿ. ನಿಂಗೆ ಕಾಡು ಅಭ್ಯಾಸ ಇದೆಯಲ್ಲ.”

“ಕರುವಿನ ಕಿವಿಯೊಳಗಿನ ಉಣುಗು ಆರಿಸಿ ಪಳಗಿದ ಕಣ್ಣು ಸಾರ್ ಇದು.”

“ಹಂಗಿದ್ರೆ ನಾಳೆ ಎರಡು ಬಾಟಲಿ ತಾ,” ಎಂದು ನಕ್ಕರು.

ಮರುದಿನ ಎರಡು ಬಾಟಲಿ ತಂದೆ. ಕೊಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಮೈಕ್ರೋಸ್ಕೋಪಿನ ಮುಂದೆ ಕುಳಿತೆ. ಉಣುಗು ಬೇಕಿದ್ದುದರಿಂದ ಅವರು ಕಲಿಸಿದರು.

ಮುಂದಿನ ತಂಡದಲ್ಲಿ ನಿಮ್ಮ ಪರಿಚಯದವರಿದ್ದರೆ ದಯವಿಟ್ಟು ಇದನ್ನು ತಲುಪಿಸಿ: ಕಲಿಸುವವರೆಗೆ ಬಾಟಲಿ ಕೊಡಬೇಡಿ.