ಹೆಚ್ಚುಕಡಿಮೆ ತುಂಬಿದ ಸರಿಯುತ್ತರ

ಹಾಸಿಗೆ ಕಾರ್ಖಾನೆಯ ತರಬೇತಿ ವಿಭಾಗದ ಗುಮಾಸ್ತನನ್ನು ಎಲ್ಲರೂ 'ಹೆಚ್ಚುಕಡಿಮೆ' ಎಂದೇ ಕರೆಯುತ್ತಿದ್ದರು. ಬಸ್ಸು ಯಾವಾಗ ಎಂದು ಕೇಳಿದರೆ "ಹೆಚ್ಚುಕಡಿಮೆ ಈಗ" ಎನ್ನುವ ಆಸಾಮಿ. ಅಂಗಿಯ ಗುಂಡಿಗಳನ್ನೂ ಸುಮಾರಾಗಿ ಸರಿಯಾದ ಕಾಜಕ್ಕೇ ಹಾಕುತ್ತಿದ್ದ. ಕಾರ್ಮಿಕರ ಸುರಕ್ಷತಾ ಪರೀಕ್ಷೆಯನ್ನು ಕಂಪ್ಯೂಟರಿಗೆ ತುಂಬುವ ಕೆಲಸವನ್ನು ಇವನಿಗೆ ಒಪ್ಪಿಸಿದ್ದು ಯಾರ ಬುದ್ಧಿಯೋ ತಿಳಿಯದು.

ಉತ್ತರವನ್ನು ಟೈಪ್ ಮಾಡಬೇಕಿತ್ತು. ತನ್ನಲ್ಲಿರುವ ವಾಕ್ಯಕ್ಕೆ ಅಕ್ಷರಶಃ ಹೊಂದಿದರೆ ಮಾತ್ರ ಕಂಪ್ಯೂಟರು ಒಪ್ಪುತ್ತಿತ್ತು. ಅವನ ಅಕ್ಕ ಅಲ್ಲೇ ಹೊಲಿಗೆ ವಿಭಾಗದಲ್ಲಿದ್ದಳು. 'ಯಂತ್ರದಲ್ಲಿ ಬಟ್ಟೆ ಸಿಕ್ಕಿಕೊಂಡರೆ ಮೊದಲು ಏನು ಮಾಡಬೇಕು?' ಎಂಬ ಪ್ರಶ್ನೆಗೆ 'ಸ್ವಿಚ್ ಆರಿಸಬೇಕು, ಇನ್ನೇನು' ಎಂದು ಬರೆದು ಫೇಲಾದಳು. ಇನ್ನೊಮ್ಮೆ ಫೇಲಾದರೆ ಹತ್ತಿ ಕೊಡವುವ ಶೆಡ್ಡಿಗೆ ಹಾಕುವುದಾಗಿ ಮ್ಯಾನೇಜರು ಹೇಳಿದರು. ಅಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ದಿನವಿಡೀ ದುಡಿಯಬೇಕು. ಅವಳಿಗೆ ಧೂಳಿನ ಭಯವಿರಲಿಲ್ಲ. ಬಾಯಿ ಕಟ್ಟುವುದರ ಭಯವಿತ್ತು.

"ಲೋ, ನಾನು ಬರೆದಿದ್ದರಲ್ಲಿ ತಪ್ಪೇನೋ?" ಎಂದು ಮನೆಯಲ್ಲಿ ತಮ್ಮನನ್ನು ಹಿಡಿದುಕೊಂಡಳು.

"ತಪ್ಪಿಲ್ಲಕ್ಕ, ಆ ಡಬ್ಬಕ್ಕೆ ತಲೆ ಇಲ್ಲ. ನಾನು ತುಂಬ್ತೀನಿ. ನೀನು ಬೇರೆ ಹೇಗೆಲ್ಲ ಹೇಳ್ತೀಯ, ಹೇಳು."

ಅಕ್ಕ ಪಾತ್ರೆ ತೊಳೆಯುತ್ತಲೇ ಕೂಗಿದಳು: "ಪೆಡಲಿನಿಂದ ಕಾಲು ತೆಗೆದು ಸ್ವಿಚ್ ಆರಿಸಬೇಕು. ಅಯ್ಯೋ ಅಂದು ಸ್ವಿಚ್ ಆರಿಸಬೇಕು. ಮ್ಯಾನೇಜರನ್ನು ಆಚೆ ಕಳಿಸಿ ಸ್ವಿಚ್ ಆರಿಸಬೇಕು!"

ಮರುದಿನ ತಮ್ಮ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದ. ಕೊನೆಯದಕ್ಕೆ ಜಾಗ ಸಾಲದೆ, ಮೊದಲಿನಿಂದಲೂ ಇದ್ದ ಉತ್ತರವನ್ನು ಅಳಿಸಿ ಅಲ್ಲಿಯೇ ಕೂರಿಸಿದ. 'ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದು' ಎಂದು ಭೂಮಿಯ ಮೇಲೆ ಯಾರು ಮಾತಾಡುತ್ತಾರೆ?

ಅಕ್ಕ ಮಾತಾಡಿದಳು. ತಮ್ಮನನ್ನು ನಂಬಿ ಕೂರುವಷ್ಟು ದಡ್ಡಿ ಅವಳಲ್ಲ. ಕಾರ್ಖಾನೆಯ ಗೋಡೆಗೆ ಅಂಟಿಸಿದ್ದ ಆ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಪರೀಕ್ಷೆಗೆ ಬಂದಳು. ಮೇಲ್ಪಂಕ್ತಿ ಹಾಕಲೆಂದು ಮ್ಯಾನೇಜರೂ ಪಕ್ಕದ ಕಂಪ್ಯೂಟರಿನ ಮುಂದೆ ಕೂತರು. ಇಬ್ಬರೂ ಅದೇ ವಾಕ್ಯ ಬರೆದರು, ಇಬ್ಬರೂ ಫೇಲಾದರು. ಪರದೆಯ ಮೇಲೆ ಕಂಪನಿಯ ಮುದ್ರೆಯ ಕೆಳಗೆ ಸರಿಯುತ್ತರ ಮೂಡಿತು: 'ಮ್ಯಾನೇಜರನ್ನು ಆಚೆ ಕಳಿಸಿ ಸ್ವಿಚ್ ಆರಿಸಬೇಕು.'

"ಯಾರ್ರೀ ಇದನ್ನ ಬರೆದೋರು?"

"ಹೆಚ್ಚುಕಡಿಮೆ ನಾನೇ ಸಾರ್" ಎಂದ ಗುಮಾಸ್ತ.

ಅಕ್ಕ ಸೆರಗು ಕೊಡವಿ ಎದ್ದಳು. "ನಡೀರಿ ಸಾರ್, ಶೆಡ್ಡಿಗೆ ಒಟ್ಟಿಗೇ ಹೋಗೋಣ. ನನಗೂ ಜೊತೆಗೊಬ್ಬರು ಆದ ಹಾಗಾಯ್ತು."

ಮ್ಯಾನೇಜರು ಕೆಮ್ಮಿದರು. ಫೇಲಾದವರೆಲ್ಲರಿಗೂ ಅಂದೇ ಇನ್ನೊಂದು ಅವಕಾಶ ಕೊಡಲಾಗಿದೆ ಎಂದು ಸಾರಿದರು. ಆಮೇಲೆ ಒಂದೊಂದೇ ಬೆರಳಿನಿಂದ, ತಮ್ಮನ್ನು ತಾವೇ ಆಚೆ ಕಳಿಸುವ ವಾಕ್ಯವನ್ನು ಟೈಪ್ ಮಾಡಿ ಪಾಸಾದರು. ಅಕ್ಕ ಅದನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದು ಪಾಸಾದಳು.

ಅವಳು ಇಂದಿಗೂ ಹೊಲಿಗೆ ಯಂತ್ರದ ಮುಂದೆಯೇ ಇದ್ದಾಳೆ, ಬಾಯಿ ಬಿಚ್ಚಿಕೊಂಡೇ. ಬಟ್ಟೆ ಸಿಕ್ಕಿಕೊಂಡಾಗಲೆಲ್ಲ ಮ್ಯಾನೇಜರು ಯಾರೂ ಹೇಳದೆಯೇ ಎದ್ದು ಆಚೆ ನಡೆಯುತ್ತಾರೆ.